ಅಮ್ಮನಿಗೊಂದು ಸಮುದ್ರದ ರೂಮು

ಮಗಳು ಬೆಳಿಗ್ಗೆಯಿಂದ ಹಾಲ್‌ನಲ್ಲಿ ಕೂತು ಕೈಗೆ, ಕೆನ್ನೆಗೆ, ಮೂಗಿನ ತುದಿಗೆ ಯಾವುದೋ ಬಿಳಿ ಕ್ರೀಮು ಬಳಿದುಕೊಂಡು ಪರೀಕ್ಷೆ ಮಾಡುತ್ತಿದ್ದಾಳೆ. ಮುಂದಿನ ತಿಂಗಳು ಸಮುದ್ರತೀರಕ್ಕೆ ಹೋದಾಗ ಬಿಸಿಲಿಗೆ ಕಪ್ಪಾಗಬಾರದಂತೆ. ನಮ್ಮ ವಂಶದವರು ಹುಟ್ಟುವಾಗಲೇ ಆ ಕೆಲಸ ಮುಗಿಸಿಕೊಂಡು ಬಂದಿರುತ್ತೇವಲ್ಲ ಎಂದು ಹೇಳಬೇಕೆನ್ನಿಸಿತು; ಮನೆಯ ಶಾಂತಿ ಮುಖ್ಯ, ಸುಮ್ಮನಾದೆ. ಕ್ರೀಮಿಗೆ ತುರಿದ ಹಸಿ ಕಾಯಿಯ ವಾಸನೆ ಇತ್ತು. ಆ ವಾಸನೆಗೆ ಬೇರೆ ಯಾರಿಗಾದರೂ ಹೋಳಿಗೆ ನೆನಪಾದೀತು. ನನಗೆ ನೆನಪಾದದ್ದು ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮಪ್ಪ ಹಾಕಿದ ಒಂದು ಭಾರೀ ಪ್ಲಾನು.

ಅಪ್ಪ ತುಮಕೂರಿನ ಒಂದು ಬ್ಯಾಂಕಿನಲ್ಲಿ ಆಫೀಸರು. ಅವರಿಗೆ ಕೆಲವು ವರ್ಷಕ್ಕೊಮ್ಮೆ ಸಿಗುತ್ತಿದ್ದ ಪ್ರವಾಸದ ಸೌಲಭ್ಯವೆಲ್ಲ ದೇವರ ಪಾಲಾಗುತ್ತಿತ್ತು. ಛತ್ರ, ಕ್ಯೂ, ತಣ್ಣೀರು ಸ್ನಾನ, ಮತ್ತೆ ಕ್ಯೂ. ಆ ವರ್ಷ ಮಾತ್ರ ಅದು ಹೇಗೋ ಅವರ ಮನಸ್ಸು ತಿರುಗಿ, ಕರಾವಳಿಯ ಒಂದು ಸ್ಟಾರ್ ಹೋಟೆಲಿನ ಬಣ್ಣದ ಕರಪತ್ರ ತಂದು ಊಟದ ಮೇಜಿನ ಮೇಲೆ ಹರಡಿದರು. ತೆಂಗಿನ ಮರ, ಈಜುಕೊಳ, ಕೋಟು ಹಾಕಿಕೊಂಡು ತಟ್ಟೆ ಹಿಡಿದು ನಿಂತ ಸಪ್ಲೈಯರು. ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಸಮುದ್ರ ನೋಡುತ್ತಿದ್ದಳು. ನಾನೂ ತಂಗಿಯೂ ಈಜುಕೊಳಕ್ಕೆ ಬಾಯಿ ಬಿಟ್ಟರೆ, ಅಮ್ಮ ಆ ಹೆಂಗಸನ್ನೇ ನೋಡುತ್ತಾ ನಿಂತರು.

"ಈ ಯಮ್ಮನ ಮನೇಲಿ ಅಡುಗೆ ಯಾರ್ ಮಾಡ್ತಾರೆ?" ಎಂದು ಕೇಳಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ನೋಡಿ, ಅಲ್ಲಿರೋ ಅಷ್ಟು ದಿನ ನಾನು ಒಲೆ ಹಚ್ಚಲ್ಲ. ಯಾರಿಗೂ ಏನೂ ಬಡಿಸಲ್ಲ. ಹಿಂಗೇ ಕೂತ್ಕೋತೀನಿ. ಆಯ್ತಾ?" ಎಂದರು.

ಅದು ದೊಡ್ಡ ಮಾತು ಎಂದು ನಿಮಗೆ ತಿಳಿಯಬೇಕಾದರೆ ನಮ್ಮ ಮನೆ ಗೊತ್ತಿರಬೇಕು. ಜಿಲ್ಲಾ ಕೇಂದ್ರದಲ್ಲಿ ಮನೆ ಮಾಡಿದವನ ಹೆಂಡತಿಗೆ ರಜಾ ಎಂಬುದಿಲ್ಲ. ಗುಬ್ಬಿಯವರಿಗೆ ಕೋರ್ಟು, ಕುಣಿಗಲ್ಲಿನವರಿಗೆ ಆಸ್ಪತ್ರೆ, ಹಾಗಲವಾಡಿಯವರಿಗೆ ಡಿಸಿ ಆಫೀಸು. ಕೆಲಸ ಆಗಲಿ ಬಿಡಲಿ, ಮಧ್ಯಾಹ್ನದ ಊಟ ನಮ್ಮಲ್ಲಿ. ಅಮ್ಮ ಯಾರಿಗೂ ಮುಖ ಸಿಂಡರಿಸಿದವರಲ್ಲ. ಮದುವೆಯಾಗಿ ಬಂದಾಗಿನಿಂದ ತನಗಾಗಿ ಅವರು ಕೇಳಿದ್ದು, ನನಗೆ ತಿಳಿದಂತೆ, ಆ ಕುರ್ಚಿಯೊಂದನ್ನೇ. ಅಪ್ಪ "ಆಯ್ತು ಕಣೇ" ಎಂದು ಮಾತು ಕೊಟ್ಟರು.

ಕೊಟ್ಟ ಮಾತಿಗೆ ಕಲ್ಲು ಬಿದ್ದದ್ದು ಮುಂದಿನ ಭಾನುವಾರ. ನಮ್ಮಲ್ಲಿ ಊರಿಗೆ ಹೊರಡುವ ಮುಂಚೆ ಹಿರಿಯರಿಗೆ ಹೇಳಿ ಹೋಗಬೇಕು. ಹೇಳುವಾಗ ಬಾಯಿಮಾತಿಗಾದರೂ "ನೀವೂ ಬನ್ನಿ" ಅನ್ನಬೇಕು. ಅವರು "ಅಯ್ಯೋ, ನಮಗೆಲ್ಲಿ ಪುರುಸೊತ್ತು" ಅನ್ನಬೇಕು. ಇನ್ನೊಮ್ಮೆ ಕರೆಯಬೇಕು, ಅವರು ಇನ್ನೊಮ್ಮೆ ಒಲ್ಲೆ ಅನ್ನಬೇಕು. ಅಲ್ಲಿಗೆ ಎರಡೂ ಕಡೆ ಮರ್ಯಾದೆ ಉಳಿದು ಕಾಫಿ ಬರುತ್ತದೆ. ಗುಬ್ಬಿಯಲ್ಲಿದ್ದ ಅಪ್ಪನ ಅಕ್ಕ, ನಮ್ಮ ಅತ್ತೆ, ತಮ್ಮ ಪಾಲಿನ ಎರಡು ಒಲ್ಲೆಗಳನ್ನೂ ಶಾಸ್ತ್ರೋಕ್ತವಾಗಿ ಹೇಳಿ ಮುಗಿಸಿದರು. ಕಾಫಿಯೂ ಬಂತು. ಅಕ್ಕನ ಕೈಯ ಕಾಫಿ ಗಂಟಲಿಗಿಳಿದ ಖುಷಿಯಲ್ಲಿ ಅಪ್ಪ ಮೂರನೇ ಸಲ ಕರೆದುಬಿಟ್ಟರು.

"ಹೋಗ್ಲಿ ಬುಡು, ಇಷ್ಟೊಂದು ಕರೀತಿದೀಯ. ಬರ್ತೀವಿ" ಎಂದರು ಅತ್ತೆ.

ಸುದ್ದಿ ಕುಣಿಗಲ್ಲಿಗೆ ನಮಗಿಂತ ಮುಂಚೆ ತಲುಪಿತು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಮುಖ ಊದಿಸಿಕೊಂಡು ಬಸ್ಸಿಳಿದರು. "ಅಕ್ಕನ್ನ ಕರ್ದಿದೀಯ, ನಾವೇನ್ ಬೇಡವಾದ್ವಾ?" ಎಂದು ಜಗಲಿಯಲ್ಲೇ ನಿಂತು ಕೇಳಿದರು. ಅವರನ್ನೂ ಕರೆದದ್ದಾಯಿತು, ಚಿಕ್ಕಪ್ಪ ಒಂದು ಸಲಕ್ಕೂ ಒಲ್ಲೆ ಅನ್ನಲಿಲ್ಲ. ನಾಲ್ಕು ಜನರ ಐಷಾರಾಮಿ ಪ್ರವಾಸ ಒಂದು ಮಿನಿಬಸ್ಸಿನಷ್ಟು ಬೆಳೆಯಿತು.

ಕೊನೆಯ ಮೀಟಿಂಗು ನಮ್ಮ ಮನೆಯಲ್ಲೇ. ಅತ್ತೆ ದಿವಾನದ ಮೇಲೆ, ಚಿಕ್ಕಪ್ಪ ಕುರ್ಚಿಯಲ್ಲಿ, ಉಳಿದವರೆಲ್ಲ ಚಾಪೆಯ ಮೇಲೆ. ಚಿಕ್ಕಪ್ಪನಿಗೆ ಪ್ರವಾಸವೆಂದರೆ ಮಾರ್ಕೋನಹಳ್ಳಿ ಡ್ಯಾಮು. ವರ್ಷಕ್ಕೊಮ್ಮೆ ಪಾತ್ರೆ ಪಗಡಿ ಹೇರಿಕೊಂಡು ಅಲ್ಲಿಗೆ ಹೋಗಿ, ಕಲ್ಲು ಹೂಡಿ ಅಡುಗೆ ಮಾಡಿ ತಿಂದು ಬರುವುದು. "ಇದೂ ಮಾರ್ಕೋನಹಳ್ಳಿನೇ. ನೀರು ಒಸಿ ಜಾಸ್ತಿ ಅಷ್ಟೇ" ಎಂದು ಸಮುದ್ರವನ್ನು ಒಂದೇ ಏಟಿಗೆ ಮುಗಿಸಿದರು. "ಎರಡು ದೊಡ್ಡ ಪಾತ್ರೆ, ಪಂಪ್ ಸ್ಟವ್, ರಾಗಿ ಹಿಟ್ಟು ಇಟ್ಕೊಂಡ್ರಾಯ್ತು. ಹೋಟ್ಲೂಟ ನಂಬ್ಕೊಂಡ್ರೆ ಹೊಟ್ಟೆ ಕೆಡ್ತದೆ. ಹೆಂಗೂ ಅತ್ತಿಗೆ ಇದಾರಲ್ಲ!"

ಕಾಫಿ ತರುತ್ತಿದ್ದ ಅಮ್ಮ ತಟ್ಟೆಯನ್ನು ನೆಲದ ಮೇಲಿಟ್ಟರು. "ನಾನು ಬರಲ್ಲ" ಎಂದರು.

ಎಲ್ಲರೂ ತಲೆ ಎತ್ತಿದೆವು. "ಇಲ್ಲಿರೋ ಒಲೇನ ಅಲ್ಲೀಗಂಟ ಯಾಕೆ ಹೊತ್ಕೊಂಡು ಹೋಗ್ಲಿ? ನೀವೆಲ್ಲ ಹೋಗ್ಬನ್ನಿ." ಹಾಗೆಂದು ಒಳಗೆ ಹೋದರು. ಅಪ್ಪ ಕರಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಳ್ಳಲು ಹೋದರು. ಅತ್ತೆ ಕಸಿದುಕೊಂಡು ಬಿಡಿಸಿ, ಬೆತ್ತದ ಕುರ್ಚಿಯ ಹೆಂಗಸನ್ನು ಬಹಳ ಹೊತ್ತು ನೋಡಿದರು.

"ಏನ್ಲಾ ಇದು? ಇವಳನ್ನ ಹಿಂಗೆ ಕೂರಿಸ್ತೀನಿ ಅಂತ ಮಾತು ಕೊಟ್ಟಿದ್ಯಾ?"

"ಹೂಂ."

"ಮತ್ತೆ ಮೂರು ಮೂರು ಸಲ ನನ್ಯಾಕ್ಲಾ ಕರ್ದೆ?"

ಕರೆದ ಮೇಲೆ ಬೇಡ ಅನ್ನುವ ಹಾಗಿಲ್ಲ, ಒಪ್ಪಿದ ಮೇಲೆ ಬಿಡುವ ಹಾಗಿಲ್ಲ; ಎರಡೂ ಮನೆಯ ಮಾನದ ಪ್ರಶ್ನೆ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು. ನಾವೆಲ್ಲ ಅಲ್ಲೇ ಹತ್ತಿರದ ಯಾವುದಾದರೂ ಛತ್ರದಲ್ಲಿ ಇಳಿದುಕೊಳ್ಳುವುದು, ಅಡುಗೆ ಅತ್ತೆ ಮತ್ತು ಚಿಕ್ಕಪ್ಪನದು. ಸ್ಟಾರ್ ಹೋಟೆಲಿನಲ್ಲಿ ಒಂದೇ ರೂಮು. ಸಮುದ್ರ ಕಾಣುವ ರೂಮು. ಅದರಲ್ಲಿ ಅಮ್ಮ.

"ನಾನು?" ಎಂದರು ಅಪ್ಪ.

"ನೀನು ನಮ್ ಜೊತೆ ಛತ್ರಕ್ಕೆ ಬಾ. ಕಾಯಿ ತುರಿಯೋಕೆ ಜನ ಬೇಕು."

ಹಾಗೇ ಆಯಿತು. ಕರಾವಳಿ ತಲುಪಿದ ಸಂಜೆ ಹೋಟೆಲಿನ ಗೇಟಿನಲ್ಲಿ ಮೀಸೆಯ ಕಾವಲುಗಾರ ಅಮ್ಮನಿಗೆ ಸೆಲ್ಯೂಟು ಹೊಡೆದ. ಅಮ್ಮ ಗಾಬರಿಯಿಂದ ಅವನಿಗೆ ನಮಸ್ಕಾರ ಮಾಡಿ, ಬ್ಯಾಗು ಎದೆಗವಚಿಕೊಂಡು ಒಳಗೆ ನಡೆದರು. ಬಸ್ಸಿನ ಕಿಟಕಿಗಳಲ್ಲಿ ಇಡೀ ಬಳಗ ಕೈ ಬೀಸುತ್ತಿತ್ತು. ಹೆಣ್ಣು ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ನಮ್ಮ ಕಡೆ ಅಷ್ಟು ಗಲಾಟೆ ಇರುವುದಿಲ್ಲ.

ಬೆಳಿಗ್ಗೆ ಅಪ್ಪ ಕಾಯಿ ತುರಿದು, ಅತ್ತೆ ಉಪ್ಪಿಟ್ಟು ಕೆದಕಿ, ಒಂದು ಡಬ್ಬಿ ತುಂಬಿಸಿಕೊಂಡು ನಾವು ಮೂವರು ಅಮ್ಮನನ್ನು ವಿಚಾರಿಸಲು ಹೋದೆವು. ಪಾಪ, ಒಂಟಿಯಾಗಿ ಮಲಗಿ ಅಭ್ಯಾಸವಿಲ್ಲ, ಹೆದರಿಕೊಂಡಿರಬಹುದು ಎಂದು ದಾರಿಯುದ್ದಕ್ಕೂ ಅತ್ತೆಯ ಕಳವಳ. ರೂಮಿನ ಬಾಗಿಲ ಹಿಡಿಯಲ್ಲಿ ಇಂಗ್ಲಿಷಿನ ಒಂದು ಬೋರ್ಡು ತೂಗುತ್ತಿತ್ತು. ಅಪ್ಪ ಓದಿದರು. ಯಾರೂ ತೊಂದರೆ ಕೊಡಬಾರದಂತೆ ಎಂದು ಅತ್ತೆಗೆ ಹೇಳಿದರು. ಬಾಗಿಲು ತಟ್ಟಲು ಕೈ ಎತ್ತಿ, ಇಳಿಸಿ, ಜೋರಾಗಿ ಒಂದು ಸಲ ಕೆಮ್ಮಿದರು. ಒಳಗೆ ಸದ್ದಿಲ್ಲ. ವಾಪಸು ಬಂದು ಮರಳಿನ ಮೇಲೆ ಕೂತು ಉಪ್ಪಿಟ್ಟು ನಾವೇ ತಿಂದೆವು.

"ಬೋರ್ಡು ಅವಳೇ ಹಾಕಿದ್ಳಾ?" ಎಂದರು ಅತ್ತೆ.

"ಮೊದಲೇ ಇತ್ತು ಅನ್ಸುತ್ತೆ. ಅವಳಿಗೆಲ್ಲಿ ಅದೆಲ್ಲ ಗೊತ್ತಾಗುತ್ತೆ" ಎಂದರು ಅಪ್ಪ. ನಮ್ಮ ಮನೆಯಲ್ಲಿ ಇಷ್ಟು ವರ್ಷವೂ ಅದೇ ಮಾತು ಚಲಾವಣೆಯಲ್ಲಿತ್ತು.

ಇದನ್ನೆಲ್ಲ ಈಗ ಹಾಲ್‌ನಲ್ಲಿ ಹೇಳಿ ಮುಗಿಸಿದಾಗ ಮಗಳು ನಗುತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಹೋಟೆಲು ನೋಡುತ್ತಿದ್ದ ನನ್ನ ಹೆಂಡತಿ ಕೈ ತಡೆದು ಕೇಳಿಸಿಕೊಂಡಿದ್ದಳು. ಕಿಟಕಿಯ ಪಕ್ಕ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆಯೇ ಹೇಳಿದರು.

"ನಾನೇ ಕಣೋ ಹಾಕಿದ್ದು. ರೂಮ್ ಹುಡುಗನ್ನ ಕೇಳ್ಕೊಂಡು ಹಾಕ್ದೆ."

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಕೈಯ ಪೇಪರು ಕೆಳಗಿಳಿಯಿತು. "ಏನು, ನಾವು ಬಂದಿದ್ದು ಗೊತ್ತಾಗಿತ್ತಾ?"

"ನೀವು ಕೆಮ್ಮಿದ್ದು ಕೇಳಿಸ್ತು. ತಿಂಡಿ ಆಗಿರಲ್ಲ ಇವರಿಗೆ ಅಂತ ಎದ್ದೆ" ಎಂದರು ಅಮ್ಮ. ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿದರು. "ಆಮೇಲೆ ಮತ್ತೆ ಕೂತ್ಕೊಂಡೆ."

ನನ್ನ ಹೆಂಡತಿ ಲ್ಯಾಪ್‌ಟಾಪಿನ ಕಡೆ ತಿರುಗಿ, ಎರಡು ರೂಮು ಎಂದಿದ್ದುದನ್ನು ಮೂರು ಮಾಡಿದಳು. ಸದ್ಯ, ಅಮ್ಮನಿಗೆ ಈ ಸಲವೂ ತನ್ನದೇ ರೂಮು ಸಿಕ್ಕಿತಲ್ಲ ಎಂದು ನನಗೆ ನಿಜವಾಗಿ ಸಂತೋಷವಾಯಿತು.

"ಅತ್ತೆಗೊಂದು" ಎಂದಳು ಅಮ್ಮನ ಕಡೆ ನೋಡಿ. "ನನಗೊಂದು. ಇನ್ನೊಂದ್ರಲ್ಲಿ ನೀವು, ಮಾವ, ಪುಟ್ಟಿ ಅಡ್ಜಸ್ಟ್ ಮಾಡ್ಕೊಳ್ಳಿ."