ಮುನ್ನೂರ ಎಂಬತ್ತೊಂದು ಕೋಟಿ ಚಿಲ್ಲರೆ

ನನ್ನ ಹೆಂಡತಿಯ ಫೋನ್ ನಂಬರು ನನಗೆ ಬಾಯಿಗೆ ಬರುವುದಿಲ್ಲ. ಆದರೆ ಆಕೆ ಹೇಳಿಕೊಟ್ಟ ಇನ್ನೊಂದು ಹತ್ತಂಕಿಯ ಸಂಖ್ಯೆಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ: ೩೮೧೬೫೪೭೨೯೦.

ಕನ್ಯಾ ನೋಡಲು ಅವ್ವನ ಜೊತೆ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿದ್ದೆ. ಹುಡುಗಿ ಸುವರ್ಣಾ, ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಅವಲಕ್ಕಿಯ ತಾಟು ಕೈಗೆ ಬಂತು, ಎಲ್ಲರೂ ನನ್ನ ಬಾಯಿ ನೋಡತೊಡಗಿದರು. ನನಗೆ ಹೊಳೆದದ್ದು ಒಂದೇ ಪ್ರಶ್ನೆ: "ನಿಮಗ ಏನು ಸೇರತೈತ್ರಿ?"

ಹಾಡು, ಅಡಿಗೆ ಅಂತ ಏನಾದರೂ ಹೇಳಿಯಾಳು ಅಂದುಕೊಂಡಿದ್ದೆ. ಆಕೆ ಒಂದೊಂದೇ ಅಂಕಿ ಬಿಡಿಸಿ ಈ ಸಂಖ್ಯೆ ಹೇಳಿದಳು.

ಆಕೆಯ ಕಾಕಾ ಗಾಬರಿಯಾದರು. "ಯಾರ ನಂಬರವಾ ಅದು?"

"ಯಾರದೂ ಅಲ್ಲ ಕಾಕಾ. ಸೊನ್ನಿಯಿಂದ ಒಂಬತ್ತರ ತನಕ ಎಲ್ಲಾ ಅಂಕಿ ಒಂದೊಂದು ಸಲ ಅದಾವು. ಮೊದಲಿನ ಎರಡು ಅಂಕಿ ತಗೊಂಡ್ರ ಮೂವತ್ತೆಂಟು, ಎರಡರಿಂದ ಭಾಗ ಹೋಗತೈತಿ. ಮೂರು ತಗೊಂಡ್ರ ಮೂರರಿಂದ, ನಾಕು ತಗೊಂಡ್ರ ನಾಕರಿಂದ. ಹಿಂಗ ಹತ್ತರ ತನಕ."

ಆರರವರೆಗೆ ತಲೆಯಾಡಿಸಿದೆ. ಏಳರ ಹತ್ತಿರ ಅನುಮಾನ ಬಂತು. ಅಲ್ಲೇ ಬಿದ್ದಿದ್ದ ಪೇಪರಿನ ಅಂಚಿನಲ್ಲಿ ಭಾಗಾಕಾರಕ್ಕೆ ಕೂತೆ. ಅವ್ವ ಕಣ್ಣು ಬಿಟ್ಟು ಗದರಿಸುತ್ತಿದ್ದಳು. ಕೂಡುವ ಸಂಬಂಧ ಎಲ್ಲಿ ತಪ್ಪೀತೋ ಎಂದು ಆಕೆಗೆ ದಿಗಿಲು.

"ಎರಡು ಉಳೀತಲ್ರಿ," ಅಂದೆ.

ಸುವರ್ಣಾ ಬಗ್ಗಿ ನೋಡಿದಳು. "ಏಳೈದ್ಲೆ ಎಷ್ಟ್ರಿ?"

ನಾನು ಮೂವತ್ತಾರು ಅಂತ ಬರೆದಿದ್ದೆ. ಉದ್ಯಮಬಾಗದ ಕಾರ್ಖಾನೆಯಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೂ ಮಾಲು ವಾಪಸ್ ಕಳಿಸುವ ಮನುಷ್ಯ ನಾನು! ಕಾಕಾ ನಕ್ಕರು, ಅವ್ವನೂ ಸೆರಗು ಅಡ್ಡ ಹಿಡಿದಳು. ತಿದ್ದಿ ಮತ್ತೆ ಮಾಡಿದೆ. ಕೊನೆಗೆ ಸೊನ್ನೆ ಬಂತು. ಎಂಟು, ಒಂಬತ್ತು, ಅಲ್ಲೂ ಸೊನ್ನೆ. ಮೈ ಜುಮ್ಮೆಂದಿತು.

"ಹಿಂಥಾವು ಎಷ್ಟು ಅದಾವ್ರಿ?"

"ಇದೊಂದ. ಹತ್ತು ಅಂಕಿ ಮೂವತ್ತಾರು ಲಕ್ಷಕ್ಕಿಂತ ಹೆಚ್ಚು ನಮೂನಿ ಹೊಂದಿಸಬಹುದು. ಅಷ್ಟರಾಗ ಇದೊಂದ."

"ಯಾರು ಮಾಡಿದ್ರು ಇದನ್ನ?"

"ಯಾರೂ ಮಾಡಿಲ್ರಿ. ಮೊದಲಿಂದನೂ ಐತಿ."

ಬೆಳಗಾವಿ ಕೋಟೆಯ ಬಸದಿಯಲ್ಲಿ ಛಾವಣಿಯ ಕಲ್ಲಿನ ಕಮಲ ನೋಡುತ್ತ ಕತ್ತು ನೋಯಿಸಿಕೊಂಡವನು ನಾನು. ಅದನ್ನಾದರೂ ಯಾರೋ ಕೆತ್ತಿದ್ದರು. ಇದಕ್ಕೆ ಉಳಿ ಮುಟ್ಟಿಲ್ಲ. ಎಣಿಸುವವರು ಹುಟ್ಟುವ ಮೊದಲೂ ಏಳು ಅಂಕಿಗೆ ಏಳರಿಂದ ಸರಿಯಾಗಿ ಭಾಗವಾಗುತ್ತ ತನ್ನಷ್ಟಕ್ಕೆ ಇತ್ತು. ಮರಳುವ ರೈಲು ಮಲಪ್ರಭೆ ದಾಟುವಾಗಲೂ ನಾನು ಅದೇ ಗುಂಗಿನಲ್ಲಿದ್ದೆ. "ಹುಡುಗಿ ಹೆಂಗ ಅನಸ್ತು?" ಎಂದು ಅವ್ವ ಕೇಳಿದಾಗಲೇ, ಹೋದ ಕೆಲಸದ ಮಾತನ್ನೇ ಆಡದೆ ಎದ್ದು ಬಂದದ್ದು ನೆನಪಾಯಿತು. ಸಂಬಂಧ ಕೈಬಿಟ್ಟಿತು ಅಂತಲೇ ಎಣಿಸಿದೆ.

ಮರುದಿನ ಸುವರ್ಣಾಳೇ ಫೋನು ಮಾಡಿದಳು. "ನನಗ ಒಪ್ಪಿಗಿ ಐತ್ರಿ."

ಯಾಕೆಂದು ಕೇಳುವ ಧೈರ್ಯ ಮದುವೆಯಾದ ಮೇಲೆ ಬಂತು.

"ನಿಮಗಿಂತ ಮೊದಲು ನೋಡಾಕ ಬಂದವರೆಲ್ಲ ಆ ಸಂಖ್ಯೆ ಕೇಳಿ, ಇದರಿಂದ ಏನು ಉಪಯೋಗ ಅಂತ ಕೇಳಿದ್ರು. ನೀವು ಕೇಳಲಿಲ್ಲ," ಅಂದಳು.

ಖರೇ ಹೇಳಬೇಕೆಂದರೆ, ಆ ಬೆರಗಿನಲ್ಲಿ ಹಾಗೆ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆಕೆ ಅದನ್ನು ದೊಡ್ಡ ಗುಣವೆಂದು ತಿಳಿದಿದ್ದಾಳೆ. ನಾನೂ ತಿದ್ದಲು ಹೋಗಿಲ್ಲ.