ಕಾಡುಕತ್ತೆಗಳ ಪಾಲಿನ ಬಾಳೆಹಣ್ಣು

ಮಲ್ಲಿಗೆ ಇರಬೇಕಾದ ಜಾಗದಲ್ಲಿ ಆಂಟಿಯ ತುರುಬಿಗೆ ಯಾವಾಗಲೂ ಒಂದೆರಡು ಒಣಹುಲ್ಲಿನ ಕಡ್ಡಿ ಸಿಕ್ಕಿಕೊಂಡಿರುತ್ತಿದ್ದವು. ಯುಗಾದಿ ಊಟಕ್ಕೆ ರೇಷ್ಮೆ ಸೀರೆ ಉಟ್ಟು ಬಂದಾಗಲೂ ಅಷ್ಟೇ. ನಾನು ಹಿಂದಿನಿಂದ ಮೆಲ್ಲಗೆ ಎಳೆದು ತೆಗೆದರೆ, “ಇರಲಿ ಮಾರಾಯ್ತಿ, ಇದಾದ್ರೆ ಬಾಡುವುದಿಲ್ಲ” ಎಂದು ನಗುತ್ತಿದ್ದರು.

ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ ಅವರದು ನಮ್ಮ ಪಕ್ಕದ ಮನೆ. ಊರು ಉಡುಪಿ ಕಡೆ. ಲಾಕ್‌ಡೌನ್ ಮುಗಿದ ಮೇಲೆ ರಿಟೈರ್ ಆದವರೇ ಕಾಡುಕತ್ತೆಗಳ ಹಿಂದೆ ಬಿದ್ದರು. ಪೂರ್ವದ ಗುಡ್ಡಗಳಲ್ಲಿ ಅವುಗಳ ಹಿಂಡುಗಳಿವೆ. ಹಿಡಿದು ತಂದವನ್ನು ಒಂದು ಆಶ್ರಯಧಾಮದಲ್ಲಿ ಪಳಗಿಸಿ, ಸಾಕುವವರಿಗೆ ಕೊಡುತ್ತಾರೆ. ಆಂಟಿ ಅಲ್ಲಿ ವಾಲಂಟಿಯರ್. ಬೆದರಿದ ಕತ್ತೆಯ ಹತ್ತಿರ ಮುಖ ತಿರುಗಿಸಿ ಕೂತು, ಅದು ತಾನಾಗಿ ಬಂದು ಹೆಗಲು ಮೂಸುವವರೆಗೆ ಕಾಯುವುದು ಅವರ ಕೆಲಸ. ದೊಡ್ಡ ಹಿತ್ತಲಿದ್ದವರು ಕಂಡರೆ ಬಿಡುತ್ತಿರಲಿಲ್ಲ. ಒಂಟಿಯಾದರೆ ಕೊರಗುತ್ತವೆ, ಜೋಡಿಯನ್ನೇ ಸಾಕಿ ಎಂದು ಗಂಟು ಬೀಳುತ್ತಿದ್ದರು. ಹಬ್ಬದೂಟಕ್ಕೆ ಸೇರಿದ ನಮ್ಮ ಕನ್ನಡದ ಮಂದಿ ನಕ್ಕು ಇನ್ನಷ್ಟು ಪಲ್ಯ ಬಡಿಸಿಕೊಳ್ಳುತ್ತಿದ್ದರು.

ಶನಿವಾರ ಹಿಂಡುಗಳನ್ನು ನೋಡಿಬರಲು ಗುಡ್ಡದ ರಸ್ತೆಗೆ ಹೋಗುವಾಗ ನನ್ನನ್ನೂ ಕರೆಯುತ್ತಿದ್ದರು. ಕಾರಿನಲ್ಲಿ ಆಂಟಿಯ ಗಂಡ, ನಮ್ಮ ಅಂಕಲ್, ಇಟ್ಟ ಬಾಳೆಹಣ್ಣಿನ ಚಿಪ್ಪು ಇರುತ್ತಿತ್ತು. ಕತ್ತೆಗಳಿಗೆಂದು ಇಟ್ಟದ್ದು. ಕಾಡಿನವಕ್ಕೆ ತಿನ್ನಿಸಬಾರದು ಎಂದು ಎಷ್ಟು ಹೇಳಿದರೂ ಇವರ ತಲೆಗೆ ಹೋಗುವುದಿಲ್ಲ ಎಂದು ಗೊಣಗುತ್ತಾ ಆಂಟಿ ದಾರಿಯಲ್ಲೇ ನನಗೆ ತಿನ್ನಿಸಿ ಮುಗಿಸುತ್ತಿದ್ದರು.

ಇಲ್ಲಿ ಗೋಗ್ರಾಸ ಕೊಡಲು ಹಸು ಎಲ್ಲಿಂದ ತರುವುದು? ಹಾಗಾಗಿ ಸಂಕ್ರಾಂತಿಗೆ ನಮ್ಮ ಕೆಲವು ಕುಟುಂಬಗಳು ಆ ಗುಡ್ಡಕ್ಕೆ ಡ್ರೈವ್ ಮಾಡಿ, ಕಾರಿನ ಕಿಟಕಿಯಿಂದಲೇ ಕತ್ತೆಗಳಿಗೆ ಬೆಲ್ಲ, ಬಾಳೆಹಣ್ಣು ಕೊಡುವ ರೂಢಿ ಮಾಡಿಕೊಂಡಿದ್ದವು. ಒಂದು ಸಂಕ್ರಾಂತಿಯಂದು ಆಂಟಿ ರಸ್ತೆ ಬದಿಯಲ್ಲಿ ಕೈಮುಗಿದು ನಿಂತರು.

“ಒಂದು ದಿನ ತಾನೇ ಆಂಟಿ, ಮಕ್ಳು ಆಸೆ ಪಡ್ತಿದಾರೆ” ಎಂದ ಬೆಂಗಳೂರಿನ ಎಂಜಿನಿಯರ್ ಒಬ್ಬ.

“ಪ್ರೀತಿ ಉಂಟಾದ್ರೆ ಮನೆಗೆ ಕರ್ಕೊಂಡು ಹೋಗಿ ಸಾಕಿ. ಆಗುವುದಿಲ್ವಾ, ದೂರ ನಿಂತು ನೋಡಿ. ಇವತ್ತು ತಿನ್ಲಿಕ್ಕೆ ಕೊಟ್ರೆ ನಾಳೆ ಅದು ಎಲ್ಲಾ ಕಾರಿಗೂ ಅಡ್ಡ ಬರ್ತದೆ.”

ಕಾರಿನವರು ಕೊಟ್ಟೇ ಹೋದರು. ಮುಂದಿನ ಶನಿವಾರ ಹೋದಾಗ, ಅಂದು ಬೆಲ್ಲ ನೆಕ್ಕಿದ್ದ ಹರಿದ ಕಿವಿಯ ಮರಿ ಕಾರಿಗೆ ಸಿಕ್ಕಿ ರಸ್ತೆಯಂಚಿನಲ್ಲಿ ಬಿದ್ದಿತ್ತು. ಆಂಟಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ನಿಲ್ಲುವವರೆಗೂ ಕೂತಿದ್ದರು. ನೀರಿನ ಬಾಟಲಿ ಹಿಡಿದು ನಿಲ್ಲುವುದು ಬಿಟ್ಟರೆ ನನಗೇನೂ ತೋಚಲಿಲ್ಲ.

ಕಳೆದ ವರ್ಷ ಆಂಟಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಕ್ರಿಯಾಕರ್ಮಗಳೆಲ್ಲ ಮುಗಿದ ದಿನ ಅಂಕಲ್ ಕಾರಿನ ತುಂಬ ಬಾಳೆಹಣ್ಣು ಹೇರಿ, ಗುಡ್ಡಕ್ಕೆ ಡ್ರೈವ್ ಮಾಡು ಎಂದರು. ಬೇಡ ಅಂಕಲ್, ಆಂಟಿಗೆ ಇದು ಇಷ್ಟವಿರಲಿಲ್ಲ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

“ವಾರ ವಾರ ಹೋಗಿ ಕೊಡ್ತಿದ್ದಳಲ್ವಾ. ಅವಳ ಹೆಸರಲ್ಲಿ ಒಂದು ಸಲ ನಾನು ಕೊಡ್ತೇನೆ.”

ನಾನು ಕಾರು ಹೊರಡಿಸಿದೆ.

ತಿರುವಿನಲ್ಲಿ ಕಾರು ನಿಂತದ್ದೇ ತಡ, ಕತ್ತೆಗಳು ರಸ್ತೆ ದಾಟಿ ಓಡಿ ಬಂದವು. ಅಂಕಲ್ ಗಾಜು ಇಳಿಸಿ, ಅಳುತ್ತಾ ಒಂದೊಂದೇ ಹಣ್ಣು ಕೊಡತೊಡಗಿದರು. ನನ್ನ ಕಡೆಯ ಕಿಟಕಿಗೆ ಮರಿಯೊಂದು ಬಂದು ಮೂಗು ಒತ್ತಿ ನಿಂತಿತು. ಆ ಗಾಜನ್ನು ನಾನು ಇಳಿಸಲಿಲ್ಲ. ಆಂಟಿಗಾಗಿ ನನ್ನ ಕೈಲಾದದ್ದು ಅಷ್ಟೇ.