ಮುಲಾಮು ಮೆತ್ತಿದ ಮೂಗು

ದಿನಾ ಬೆಳಿಗ್ಗೆ ಹಣೆಗೆ, ಮೂಗಿನ ಕೆಳಗೆ, ಎರಡೂ ಮೊಣಕಾಲಿಗೆ ನೋವಿನ ಮುಲಾಮು ಮೆತ್ತಿಕೊಂಡು ಬಂದು, ಊರಿನ ಮಲ್ಲಿಗೆಗೆಲ್ಲ ವಾಸನೆಯ ತೀರ್ಪು ಕೊಡುತ್ತಿದ್ದ ಮನುಷ್ಯ ಕೊಟ್ರಪ್ಪ. ಹೂವಿನಹಡಗಲಿಯ ಮಾರುಕಟ್ಟೆಯಲ್ಲಿ ಅವರು ಹೂವಿನ ದಲಾಲಿ. ಬೆಳೆಗಾರರು ಬುಟ್ಟಿ ಇಳಿಸಿದರೆ ಒಂದು ಹಿಡಿ ಮೊಗ್ಗು ಎತ್ತಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು "ಘಮ ಐತಿ" ಅಥವಾ "ಘಮ ಸಾಲ್ದು" ಎನ್ನುತ್ತಿದ್ದರು. ದರದ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನಸುಕಿನಲ್ಲಿ ಕಿತ್ತ ಮೊಗ್ಗು ಸಂಜೆ ಅರಳುವವರೆಗೆ ಘಮಿಸುವುದಿಲ್ಲ. ಇದು ಬೆಳೆದವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಆದರೂ ಎಲ್ಲರೂ ಆ ಮೂಗಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಪತ್ರಿಕೆಯ ವರದಿಗೆಂದು ಹೋದಾಗ ನಾನು ಒಮ್ಮೆ, ಅರಳದ ಮೊಗ್ಗಿನ ಘಮ ಹೇಗೆ ಗೊತ್ತಾಗುತ್ತದೆ ಎಂದು ಕೇಳಿಯೇಬಿಟ್ಟೆ.

"ಸಂಜಿ ವಾಸನಿ ಮುಂಜಾನಿನ ಹಿಡಿಯಾವ್ನಿಗೇ ದಲಾಲಿ ಅಂತಾರ್ರಿ. ನೀವು ನಾಳಿನ ಸುದ್ದಿ ಇವತ್ತ ಬರಿಯಂಗಿಲ್ಲೇನು?" ಎಂದರು. ಸುತ್ತಲಿದ್ದವರು ನಕ್ಕರು.

ಹೊಳಲು ರಸ್ತೆಯಲ್ಲಿ ಅವರದೇ ಒಂದು ಎಕರೆ ಮಲ್ಲಿಗೆ ತೋಟವಿತ್ತು. ತಮ್ಮ ಮೂಗಿಗೆ ಅದೇ ಸಾಕ್ಷಿ ಎಂದು ಬಂದವರನ್ನೆಲ್ಲ ಕರೆದೊಯ್ದು ತೋರಿಸುತ್ತಿದ್ದರು. ನಾನು ಹೋದ ದಿನ ಅವರ ಹೆಂಡತಿ ಗೌರಮ್ಮ ಸಾಲಿನ ನಡುವೆ ನಿಂತು, ಕಂದು ಚುಕ್ಕೆ ಬಿದ್ದ ಎಲೆಯೊಂದನ್ನು ಹಿಸುಕಿ ಗಂಡನ ಮುಂದೆ ಹಿಡಿದರು.

"ಗಿಡ ನಿಮ್ಮ ಮೊಣಕಾಲಿನಂಗ ನಾರಾಕ ಹತ್ಯಾವ. ಸಂಜಿಗೆ ಹೂವಿನ ಘಮಾನೂ ಮೊದಲಿನಂಗಿಲ್ಲ. ಔಷಧ ಹೊಡಸ್ರಿ."

"ಅದು ನನ್ನ ಕೈ ವಾಸನಿ ಲೇ. ಮುಂಜಾನಿ ನಾನ ಮುಟ್ಟೀನಿ."

"ಇಡೀ ಎಕರೆ ಮುಟ್ಟೀರೇನು?"

"ಹಡಗಲಿಗೇ ವಾಸನಿ ಕಲಿಸಿದವ್ನಿಗೆ ನೀ ಕಲಿಸ್ತಿಯೇನು?"

ಊರಿಗೆ ಮರಳಿ ಕೃಷಿ ವಿಜ್ಞಾನಿಯೊಬ್ಬರನ್ನು ಕೇಳಿದೆ. ಶಿಲೀಂಧ್ರ ತಗುಲಿದಾಗ ಗಿಡ ಗಾಳಿಗೆ ಬಿಡುವ ವಾಸನೆಯ ರಾಸಾಯನಿಕಗಳು ಬದಲಾಗುತ್ತವೆ, ಹಲವು ಗಿಡಗಳು ಆಗ ಬಿಡುವ ಒಂದು ರಾಸಾಯನಿಕ ನೋವಿನ ಮುಲಾಮಿನಲ್ಲೂ ಇರುತ್ತದೆ, ತಡಮಾಡದೆ ಔಷಧ ಹೊಡೆಯಲಿ ಎಂದರು. ಕೊಟ್ರಪ್ಪನವರಿಗೆ ಫೋನ್ ಮಾಡಿ ಹೇಳಿದೆ.

"ಗಿಡಕ್ಕೂ ಮೊಣಕಾಲು ನೋವೇನ್ರಿ?" ಎಂದು ನಕ್ಕರು. ಇದನ್ನು ಮಾರುಕಟ್ಟೆಯಲ್ಲೂ ಹೇಳಿ ನಗಿಸಿದರಂತೆ.

ನಗು ಮುಗಿಯುವಷ್ಟರಲ್ಲಿ ಎಲೆಗಳು ಮುರುಟಿ ಉದುರಿದ್ದವು, ಮೊಗ್ಗು ಗಿಡದಲ್ಲೇ ಒಣಗಿತ್ತು. ಆಮೇಲೆ ಹೊಡೆದ ಔಷಧ ಕೆಲಸಕ್ಕೆ ಬರಲಿಲ್ಲ. ಗೌರಮ್ಮನೇ ಮುಂದೆ ನಿಂತು ಗಿಡಗಳನ್ನು ಬುಡಸಮೇತ ಕೀಳಿಸಿ ಸುಡಿಸಿದರು. ಕೊಟ್ರಪ್ಪ ಅತ್ತ ಹೋಗಲಿಲ್ಲ.

ಅವರನ್ನು ಕೊನೆಯ ಸಲ ಮಾರುಕಟ್ಟೆಯಲ್ಲಿ ನೋಡಿದಾಗ ಮುಲಾಮಿನ ವಾಸನೆ ಇರಲಿಲ್ಲ. ಕುಂಟುತ್ತ ಬಂದರು. ಒಂದು ಹಿಡಿ ಮೊಗ್ಗು ಎತ್ತಿ ಕಣ್ಣು ಮುಚ್ಚಿದರು. ಎಂದಿಗಿಂತ ಹೆಚ್ಚು ಹೊತ್ತು ಮೂಸಿದರು.

"ಏನೂ ಬರವಲ್ದು," ಎಂದರು. "ಸಂಜಿಗೆ ಅರಳಿದ ಮ್ಯಾಲೆ ಗೊತ್ತಾಗತೈತಿ."

ಅಷ್ಟು ವರ್ಷಗಳಲ್ಲಿ ಅವರ ಮೂಗು ಕೊಟ್ಟ ಮೊದಲ ಸತ್ಯವಾದ ತೀರ್ಪು ಅದು. ಬುಟ್ಟಿಯವನು ಪಕ್ಕದವನಿಗೆ "ಸಾಹುಕಾರ್ರ ಮೂಗು ಹೋತಲೇ" ಎಂದ. ಕೆಲವೇ ದಿನಗಳಲ್ಲಿ ಬುಟ್ಟಿಗಳೆಲ್ಲ ಎದುರಿನ ದಲಾಲಿಯ ಕಡೆ ತಿರುಗಿದವು. ಕೊಟ್ರಪ್ಪ ಮಾರುಕಟ್ಟೆಗೆ ಬರುವುದನ್ನೇ ಬಿಟ್ಟರು.

ನಿನ್ನೆ ಮಾರುಕಟ್ಟೆಗೆ ಹೋಗಿದ್ದೆ. ಆ ಎದುರಿನ ದಲಾಲಿ ಒಂದು ಹಿಡಿ ಮೊಗ್ಗು ಎತ್ತಿ ಕಣ್ಣು ಮುಚ್ಚಿಕೊಂಡಿದ್ದ. ಅವನಿಗೆ ನೆಗಡಿಯಾಗಿತ್ತು. ಬೆಳೆಗಾರರು ಕೈಕಟ್ಟಿ ಕಾಯುತ್ತಿದ್ದರು.